ಓದದೆ ಹಾಕಿದ ಸಹಿ, ಗುಡ್ಡಕ್ಕೆ ಬಿದ್ದ ಬೇಲಿ

ಗುಡ್ಡದ ಮೇಲೆ ರೆಸಾರ್ಟ್ ಬರುತ್ತದೆಂಬ ಸುದ್ದಿಗೆ ಇಡೀ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನು ದರ್ಜಿ. ಅಲ್ಲಿನ ಕಾವಲುಗಾರರಿಗೆ ಇಪ್ಪತ್ತೆರಡು ಜೊತೆ ಸಮವಸ್ತ್ರ ಹೊಲಿಯುವ ಕೆಲಸ ಅವನಿಗೇ ಸಿಕ್ಕಿತ್ತು. ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕಿಂತ ಅವನ ಶಿಳ್ಳೆಯೇ ಜೋರಾಗಿತ್ತು.

"ಆ ಗುಡ್ಡ ಎಲ್ಲರದೂ ಅಲ್ವಾ? ಒಬ್ಬರಿಗೇ ಹೇಗೆ ಕೊಡ್ತಾರೆ?" ಎಂದಳು ಹೆಂಡತಿ. ಅವಳು ಗುಡ್ಡದ ಹುಲ್ಲು ತಂದು ಪೊರಕೆ ಕಟ್ಟಿ ಮಾರುವವಳು.

"ನಿಂದೊಂದು! ಊರಿಗೆ ಬಂದೋರು ನೀರಿಗೆ ಬರದೆ ಇರ್ತಾರಾ? ಗುಂಡಿ ಕಿತ್ತೋದ್ರೆ ಅವರೆಲ್ಲ ನನ್ನ ಅಂಗಡಿಗೇ ಬರ್ಬೇಕು."

ರೆಸಾರ್ಟಿನವರು ಅಂಗಡಿಗೇ ಬಂದು ಸಮವಸ್ತ್ರ ಒಯ್ದ ಮರುವಾರ, ಹುಲ್ಲಿಗೆ ಹೋದ ಹೆಂಡತಿ ಬರಿಗೈಯಲ್ಲಿ ಬಂದಳು. "ಬೇಲಿ ಹಾಕಿದ್ದಾರೆ. ಬಿಡಲ್ವಂತೆ" ಎಂದು ಕುಡುಗೋಲನ್ನು ಮೂಲೆಗೆಸೆದಳು. ಅವತ್ತು ಒಲೆ ಹೊತ್ತಲಿಲ್ಲ.

ಹೊಟ್ಟೆ ಚುರುಗುಟ್ಟಿದ ಮೇಲೆ ದರ್ಜಿಗೆ ಪೌರುಷ ಬಂತು. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಗುಡ್ಡ ಹತ್ತಿದ. ಕಾವಲುಗಾರ ಕೋಲು ಅಡ್ಡ ಹಿಡಿದ.

"ಖಾಸಗಿ ಜಾಗ. ಹೋಗೋ ಹಾಗಿಲ್ಲ."

"ಲೋ, ನೀನು ಹಾಕಿರೋ ಪ್ಯಾಂಟು ಹೊಲಿದೋನೇ ನಾನು!"

"ಹೌದಾ ಸಾರ್? ಸೊಂಟ ತುಂಬಾ ಬಿಗಿ. ಕೂರೋಕೇ ಆಗ್ತಿಲ್ಲ, ಸ್ವಲ್ಪ ಬಿಡಿ."

"ಮೊದಲು ನೀನು ದಾರಿ ಬಿಡು!"

ಇಬ್ಬರೂ ಬಿಡಲಿಲ್ಲ. ಗೊಣಗುತ್ತಾ ಇಳಿದು ಬಂದ ದರ್ಜಿಗೆ ಅಂಚೆ ಹಂಚುವ ಅಕ್ಕ ಎದುರಾದಳು.

"ಈಗ ಕೂಗಾಡಿ ಏನು ಬಂತಣ್ಣ? 'ರೆಸಾರ್ಟಿಗೆ ನಮ್ಮ ತಕರಾರಿಲ್ಲ' ಅಂತ ಮೊದಲನೇ ಸಹಿ ನಿಮ್ದೇ. ತಾಲೂಕು ಕಚೇರಿ ಗೋಡೆಗೆ ಅಂಟಿಸಿದ್ದಾರೆ."

ದರ್ಜಿ ಇಂಗು ತಿಂದ ಮಂಗನಂತಾದ. "ಅದು ಬಟ್ಟೆ ತಲುಪಿದ್ದಕ್ಕೆ ಹಾಕಿದ ಸಹಿ ಅಲ್ವಾ?"

"ಓದಿದ್ರಾ?"

ಓದಿರಲಿಲ್ಲ. ಒಂದು ಗುಂಡಿಗೆ ಕಾಜಾ ಹಾಕಲು ಎರಡು ಸಲ ಅಳೆಯುವ ಮಹಾಶಯ, ನಾಲ್ಕು ಹಾಳೆಯ ಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದ.

"ಗುಡ್ಡ ಸಾರ್ವಜನಿಕರದು. ರೆಸಾರ್ಟಿನವರು ಬರೀ ಅರ್ಜಿ ಹಾಕಿದ್ದಾರೆ, ಇನ್ನೂ ಮಂಜೂರಾಗಿಲ್ಲ. ಮರ ಕಡಿದು, ಚಿಲುಮೆ ನೀರನ್ನ ಈಜುಕೊಳಕ್ಕೆ ಎಳೆದ್ರೆ ನಮ್ಮ ನಲ್ಲೀಲಿ ಗಾಳಿ ಬರುತ್ತೆ. ಗುರುವಾರ ಅಹವಾಲು ಸಭೆ ಇದೆ. ಸಹಿ ವಾಪಸ್ ತಗೋತೀನಿ ಅಂತ ಬರೆದು ಕೊಡಿ. ಒಂದು ಪ್ರತಿಗೆ ಮೊಹರು ಹಾಕಿಸಿ ನೀವಿಟ್ಕೊಳ್ಳಿ."

"ನಮ್ಮಂಥೋರ ಮಾತು ಯಾರು ಕೇಳ್ತಾರಕ್ಕ?"

"ಬೆಲೆ ಇಲ್ದಿದ್ರೆ ನಿಮ್ಮ ಸಹಿ ಹುಡುಕ್ಕೊಂಡು ಅಂಗಡಿವರೆಗೂ ಯಾಕೆ ಬರ್ತಿದ್ರು?"

ದರ್ಜಿ ಅವಳ ಹತ್ತಿರವೇ ಪೆನ್ನು ಕೇಳಿದ.

ಗುರುವಾರ ಹೆಂಡತಿ ಇಡೀ ಬೀದಿಯನ್ನೇ ಸಭೆಗೆ ಎಳೆತಂದಳು. ದರ್ಜಿ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಎದ್ದು ನಿಂತ.

"ಸ್ವಾಮಿ, ತಪ್ಪು ನಂದು. ಓದದೆ ಸಹಿ ಹಾಕ್ದೆ. ನನ್ನ ಹೆಂಡತಿ ಅನ್ನದ ದಾರಿಗೆ ನಾನೇ ಬೇಲಿ ಹಾಕ್ಸಿದ ಹಾಗಾಯ್ತು. ಇನ್ನು ಮುಂದೆ ಅವರ ಕೆಲಸ ಸಿಗದಿದ್ರೂ ಚಿಂತೆಯಿಲ್ಲ, ನನ್ನ ಸಹಿ ವಾಪಸ್ ಕೊಡಿ." ವಾರದಿಂದ ಮುಖ ತಿರುಗಿಸಿದ್ದ ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಅವನ ಹಿಂದೆಯೇ ನಲವತ್ತೊಂದು ಜನ ತಕರಾರು ಬರೆದುಕೊಟ್ಟರು. ಮೊದಲು ಬೇಲಿ ತೆಗೆಯಿರಿ, ಚಿಲುಮೆಯ ಪರಿಶೀಲನೆ ಆಗುವವರೆಗೂ ಅರ್ಜಿ ತಡೆಯಲ್ಲಿರಲಿ ಎಂದರು ಅಧಿಕಾರಿ.

ಓದುಗರೇ, ನಿಮ್ಮೂರಿನ ಗುಡ್ಡ, ಕಾಡು, ಕೆರೆ ನಿಮ್ಮೆಲ್ಲರದೂ ಹೌದು. ಕಚೇರಿಯ ಗೋಡೆಗೆ ಅಂಟಿಸಿದ ನೋಟಿಸು ಓದಿ. ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಿ, ಸಹಿ ಆಮೇಲಿರಲಿ. ಸಭೆ ಕರೆದರೆ ತಪ್ಪದೆ ಹೋಗಿ, ಬಾಯಿ ಬಿಟ್ಟು ಮಾತಾಡಿ. ನೀವು ಮನೆಯಲ್ಲಿ ಕೂತರೆ, ಆ ಮೌನವನ್ನೇ ನಿಮ್ಮ ಒಪ್ಪಿಗೆಯೆಂದು ಬರೆದುಕೊಳ್ಳುವವರು ಅಲ್ಲಿ ಪೆನ್ನು ಹಿಡಿದು ಕಾದಿರುತ್ತಾರೆ.