ಬದನಿಕೆ ಕೊಂಬೆಯ ಗೂಡು

ತಾರಸಿಯ ಮೇಲೆ ಹಾಸಿದ ಹಳೆಯ ಸೀರೆಯ ಅರ್ಧದವರೆಗೆ ಸಂಡಿಗೆ ಇಟ್ಟಿದ್ದ ನಾಗವೇಣಿಯ ಕೈ ಮತ್ತೆ ನಿಂತಿತು. ಬೆರಳಿಗೆ ಅಂಟಿದ ಹಿಟ್ಟು ಒಣಗಿ ಬಿಗಿಯುತ್ತಿತ್ತು. ತಾರಸಿಯತ್ತ ಬಾಗಿದ ಮಾವಿನ ಕೊಂಬೆಯಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

"ಕಾಗೆ ಓಡಿಸು ಅಂತ ಕೂರಿಸಿದ್ರೆ ಹಕ್ಕಿ ನೋಡ್ತಾ ಕೂತ್ಲು!" ಕೆಳಗಿಂದ ಅತ್ತೆ ಮೂಕಮ್ಮ ಕೂಗಿದರು. "ಉಳಿದ ಹಿಟ್ಟನ್ನ ಆ ಹಕ್ಕಿ ಕೈಲೇ ಇಡಿಸ್ಕೊ."

"ಆಗ್ತಾ ಬಂತು ಅತ್ತೆ."

ಆಗುತ್ತಾ ಬಂದಿರಲಿಲ್ಲ. ಆ ಕೊಂಬೆಯ ತುಂಬ ಬದನಿಕೆ ಹಬ್ಬಿತ್ತು, ಮರದ ರಸವನ್ನೇ ಕುಡಿದು ಬೆಳೆಯುವ ಗಿಡ. ಅದರ ಹಣ್ಣು ತಿನ್ನಲು ಬರುವ ಹೆಬ್ಬೆರಳಿನಷ್ಟು ಬೂದು ಹಕ್ಕಿ, ಅಂಟು ಬೀಜವನ್ನು ಅಲ್ಲೇ ತೊಗಟೆಗೆ ಒರೆಸಿ ಹೊಸ ಗಿಡ ಹುಟ್ಟಿಸುತ್ತಿತ್ತು. ಈಗ ಎಲೆಗಳ ಅಡಿಯಲ್ಲಿ ಜೇಡರ ಬಲೆಯ ಪುಟ್ಟ ಚೀಲ ನೇತುಹಾಕಿ ಮರಿ ಮಾಡಿತ್ತು. ಶಿಕಾರಿಪುರದ ಈ ಬಡಾವಣೆಯಲ್ಲಿ ಉಳಿದವರ ಅಂಗಳದಲ್ಲೆಲ್ಲ ನರ್ಸರಿಯ ಪಾಮ್, ಕ್ರೋಟನ್. ಅವುಗಳ ಮೇಲೆ ಹಕ್ಕಿ ಕೂತಿದ್ದನ್ನು ನಾಗವೇಣಿ ಕಂಡಿಲ್ಲ. ತವರು ಕುಪ್ಪಗಡ್ಡೆಯಲ್ಲಿ ಬೇಲಿ ತುಂಬ ಕಾರೆ, ಕವಳೆ, ಲಕ್ಕಿ ಗಿಡಗಳು, ಅವುಗಳ ತುಂಬ ಹಕ್ಕಿ. ಅಲ್ಲಿದ್ದಾಗ ನಿಂತು ನೋಡಬೇಕೆಂದು ಅನ್ನಿಸಿರಲೇ ಇಲ್ಲ.

ಬೆಳಿಗ್ಗೆ ತಿಂಡಿಗೆ ಕೂತ ಗಂಡ ನಾಗರಾಜ ಹೇಳಿದ್ದ: "ನಾಳೆ ಗುರುವಾರಕ್ಕೆ ಪುಷ್ಯ ನಕ್ಷತ್ರ ಕೂಡಿದೆ. ಪೂಜೆ ಮಾಡಿ ಬದನಿಕೆ ತೆಗೆದು ಅಂಗಡಿ ಗಲ್ಲಾದಲ್ಲಿಟ್ರೆ ವ್ಯಾಪಾರ ಕುದುರುತ್ತೆ. ಹಂಗೇ ಮರ ಹತ್ತೋ ತೋಟಪ್ಪನ ಕೈಲಿ ಆ ಕೊಂಬೆನೂ ಕಡಿಸ್ಬಿಡ್ತೀನಿ. ಮರ ಸೊರಗಿದೆ."

"ಅದ್ರಲ್ಲಿ ಮರಿ ಇವೆ ರೀ. ಹಾರೋವರೆಗೆ ತಡೀರಿ."

"ನಿನ್ನ ಗುಬ್ಬಚ್ಚಿಗೋಸ್ಕರ ಪುಷ್ಯ ಕಾಯುತ್ತಾ?"

"ಗುಬ್ಬಚ್ಚಿ ಅಲ್ಲ..." ಎನ್ನುವಷ್ಟರಲ್ಲಿ ಬೈಕು ಗೇಟು ದಾಟಿತ್ತು.

ಮರ ಸೊರಗಿದ್ದು ಸುಳ್ಳಲ್ಲ. ಅದೇ ಅವಳನ್ನು ಇನ್ನಷ್ಟು ಚುಚ್ಚುತ್ತಿತ್ತು. ಎದ್ದಳು, ಕೂತಳು. ಒಂದು ಸಂಡಿಗೆ ಸೊಟ್ಟಗಾಯಿತು.

ಮೂಕಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. "ನಾಳೆ ಬೇಗ ಏಳು, ತಲೆಸ್ನಾನ ಮಾಡು. ಪೂಜೆ ಇಲ್ದೆ ಬದನಿಕೆಗೆ ಕತ್ತಿ ತಾಗಿಸ್ಬಾರ್ದು. ಹೋದ ವರ್ಷ ಹುಲಿಗೆಮ್ಮನ ಮನೇಲಿ ಎಲ್ಲಾ ತಯಾರಿ ಆಗಿತ್ತು, ಸೊಸೆ ಮುಟ್ಟಾಗಿ ಕೂತ್ಲು. ಪೂಜೆ ಮುಂದಿನ ಪುಷ್ಯಕ್ಕೆ ಹೋಯ್ತು. ನಿಂದೇನೂ ಅಡ್ಡಿ ಇಲ್ಲ ತಾನೆ?"

ನಾಗವೇಣಿ ತಲೆ ಎತ್ತಲಿಲ್ಲ. "ಹೇಳೋಕಾಗಲ್ಲ ಅತ್ತೆ. ಈಗೀಗ ಹಿಂದೆ ಮುಂದೆ ಆಗ್ತಿದೆ."

"ಈ ವಯಸ್ಸಲ್ಲಿ ಹಂಗೇ. ದೇವರು ನಡೆಸ್ಕೊಡ್ಲಿ."

ಮುಟ್ಟು ದೀಪಾವಳಿಗೇ ನಿಂತುಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಪೂಜೆಯ ದಿನ ಬಿಟ್ಟರೆ ಈ ಮನೆಯಲ್ಲಿ ಅದನ್ನು ಕೇಳುವವರೂ ಇರಲಿಲ್ಲ. ಇನ್ನೊಂದು ಪುಷ್ಯ ಬರಲು ಕಡಿಮೆಯೆಂದರೂ ಹತ್ತಿರ ಹತ್ತಿರ ತಿಂಗಳು. ಅಷ್ಟರಲ್ಲಿ ಮರಿಗಳು ಹಾರಿರುತ್ತವೆ. ಆಮೇಲೆ ಕೊಂಬೆ ಉಳಿಯುತ್ತದೋ ಇಲ್ಲವೋ, ಆಗ ನೋಡಿದರಾಯಿತು.

ನಾಳೆ ತೋಟಪ್ಪ ಏಣಿ ಒರಗಿಸುವ ಮೊದಲೇ ತಾನು ಹಿತ್ತಲ ಬಾಗಿಲಲ್ಲಿ ನಿಂತು, ಮುಟ್ಟಾಗಿದೆ, ಒಳಗೆ ಬರುವ ಹಾಗಿಲ್ಲ ಎಂದು ಅತ್ತೆಗೆ ಹೇಳಿಬಿಡುವುದು.

"ಕೇಳಿಸ್ತೇನೆ? ಬೇಗ ಏಳ್ಬೇಕು."

"ಏಳ್ತೀನಿ ಅತ್ತೆ," ಎಂದಳು ನಾಗವೇಣಿ.