ರೇವವ್ವನ ಪಾಳಿ

"ಎಡಗಡೆ ಇನ್ನಷ್ಟು ಹಚ್ಚೋ," ಎಂದ ಶಂಕ್ರಪ್ಪ.

ತಮ್ಮ ಕಾಶಿನಾಥ ಅಣ್ಣನ ಮಾತು ಮೀರಿದವನಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತಿಗೆಯ ಹೆಣದ ಹಣೆಗೆ ಬಟ್ಟೆ ಕಟ್ಟಿ, ಅದನ್ನು ಕಿಟಕಿಯ ಸರಳಿಗೆ ಬಿಗಿದು, ವಿಭೂತಿಯನ್ನು ಮತ್ತೆ ನೀರಲ್ಲಿ ಕಲಸಿ ಕೆನ್ನೆಗೆ ಬಳಿದ. ಹಣೆಗೆ ಮೂರು ಬೆರಳಿನ ವಿಭೂತಿ ಸಾಕು. ರೇವವ್ವನಿಗೆ ಅರ್ಧ ಮುಖವೇ ಮುಚ್ಚಿಹೋಗಿತ್ತು. ಆದರೂ ಕಿವಿಯ ಕೆಳಗೆ ನೀಲಿ ಇಣುಕುತ್ತಿತ್ತು.

ಹೊಸ್ತಿಲಾಚೆ ನಿಂತಿದ್ದ ನಸೀಮಾಬಿ ಅದನ್ನು ಕಂಡಳು. ದುಮ್ಮವಾಡದ ಆ ಓಣಿಯಲ್ಲಿ ಅವಳ ಮನೆಗೂ ಈ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಇಪ್ಪತ್ತೆರಡು ವರ್ಷ ಆ ಗೋಡೆಯಾಚೆಯ ಪೆಟ್ಟುಗಳನ್ನು ಕೇಳಿ, ಚಹಾ ಕುದಿಸಿಕೊಂಡು ಸುಮ್ಮನಿದ್ದವಳು.

"ಬಚ್ಚಲದಾಗ ಜಾರಿ ಬಿದ್ಲು ನೋಡ್ರಿ," ಬಂದವರಿಗೆಲ್ಲ ಕಾಶಿನಾಥ ಹೇಳುತ್ತಿದ್ದ. "ನಿನ್ನಿ ಸಂಜಿಮುಂದ. ಗಾಡಿ ತರೂದ್ರಾಗ ಮುಗದ್ಹೋತು."

ಶಂಕ್ರಪ್ಪ ಗದ್ದದಿಂದ ನೆತ್ತಿಯವರೆಗೆ ಟಾವೆಲ್ ಸುತ್ತಿಕೊಂಡಿದ್ದ. ಹಲ್ಲುನೋವಂತೆ! ಹೆಂಡತಿ ಸತ್ತ ದಿನವೇ ಹುಡುಕಿಕೊಂಡು ಬಂದಿತ್ತು ಆ ಹಲ್ಲುನೋವು.

ಒಬ್ಬಳೇ ಮಗಳು ಅಮೃತಾ ಅಣ್ಣಿಗೇರಿಯಿಂದ ಬಸ್ಸಿನಲ್ಲಿದ್ದಳು. ಅವಳು ಬಂದು ಮುಖ ನೋಡಿದರೆ ಎತ್ತುವುದೇ. ಗುಂಡಿ ತೋಡಿಯಾಗಿತ್ತು. ಮಣ್ಣು ಮುಚ್ಚಿದರೆ ನಿನ್ನೆಯದೆಲ್ಲ ಮುಚ್ಚಿಹೋಗುತ್ತದೆ. ನಸೀಮಾಬಿ ಬಾಯಿ ಬಿಟ್ಟರೆ ತನ್ನ ಪಾಲಿನದನ್ನೂ ಹೇಳಬೇಕಾಗುತ್ತದೆ.

*

ರೇವವ್ವನಿಗೆ ಆ ಹಾಳು ಆಟದ ಹುಚ್ಚು ಹಿಡಿಸಿದವಳು ಅವಳೇ.

ಶಂಕ್ರಪ್ಪ ತನ್ನ ಮನೆಯ ಟೀವಿಯನ್ನು ಒದ್ದು ಒಡೆದ ಮೇಲೆ ರೇವವ್ವ ಸಂಜೆ ಐದಕ್ಕೆ ನಸೀಮಾಬಿಯ ಮನೆಗೆ ಬರುತ್ತಿದ್ದಳು. ಒಂದು ದಿನ ಯಾವುದೋ ಹಿಂದಿ ಚಾನೆಲ್‌ನಲ್ಲಿ ಇಬ್ಬರು ಹೆಂಗಸರು ಮೇಜಿನ ಆಚೆ ಈಚೆ ನಿಂತಿದ್ದರು. ಒಬ್ಬಳು ಕೈ ಹಿಂದೆ ಕಟ್ಟಿಕೊಂಡಳು. ಇನ್ನೊಬ್ಬಳು ತೋಳು ಬೀಸಿ ಕಪಾಳಕ್ಕೆ ಬಾರಿಸಿದಳು. ತುಟಿ ಒಡೆದು ನೆತ್ತರು ಚಿಮ್ಮಿತು. ಜನ ಶಿಳ್ಳೆ ಹಾಕಿದರು. ಇದೇನು ಆಟವೋ, ಹುಚ್ಚೋ!

"ಬಂದ್ ಮಾಡ ನಸೀಮಾ," ಎಂದು ರೇವವ್ವ ಸೆರಗು ಮುಖಕ್ಕೆಳೆದುಕೊಂಡಳು. "ಮನ್ಯಾಗ ದಿನಾ ಐತಿ, ಇಲ್ಲೂ ಅದನ್ನ ನೋಡೂದೇನ?"

ಮರುದಿನ ನಾಲ್ಕೂವರೆಗೇ ಬಂದು ಕುಳಿತಿದ್ದಳು. ಹಿಂದಿ ಬರುತ್ತಿರಲಿಲ್ಲ, ನಸೀಮಾಬಿಯೇ ಬಿಡಿಸಿ ಹೇಳಬೇಕು.

"ಹೊಡಿಸಿಕೊಂಡಾಕಿಗೂ ಪಾಳಿ ಐತೇನ?"

"ಐತಲ್ಲ ರೇವಕ್ಕಾ. ಮೊದಲ ಹೊಡದಾಕಿ ಈಗ ಕೈ ಹಿಂದ ಕಟ್ಕೊಂಡು ನಿಂದ್ರಬೇಕು. ಮುಖ ಸರಿಸಿದ್ರ ಸೋತ್ಲು."

"ತಿರುಗಿ ಹೊಡಿಯಂಗಿಲ್ಲ?"

"ಒಂದಕ್ಕ ಒಂದ. ಅಷ್ಟ."

ರೇವವ್ವ ಟೀವಿಯ ಹತ್ತಿರಕ್ಕೆ ಸರಿದು ಕುಳಿತಳು.

ಮೂರು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಎಮ್ಮೆಗೂ ಗದರದವಳು ಮಡಿಲಲ್ಲಿ ಹುರಿದ ಶೇಂಗಾ ಇಟ್ಟುಕೊಂಡು, "ಹೊಡಿ ಬೇ ಗಿಡ್ಡಿ! ದವಡಿ ಮುರಿಯಂಗ ಹೊಡಿ!" ಎಂದು ಕಿರುಚುತ್ತಿದ್ದಳು. ಎದುರಿನವಳು ಮೂರ್ಛೆ ಹೋಗಿ ಚೀಲದಂತೆ ಉರುಳಿದರೆ ಚಪ್ಪಾಳೆ ತಟ್ಟುತ್ತಿದ್ದಳು. ನಸೀಮಾಬಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಹೋದ ವಾರ ಹಾಗೆ ನಗುತ್ತಲೇ, "ನೀನೂ ಒಮ್ಮಿ ನಿನ್ನ ಪಾಳಿ ತಗೋ ರೇವಕ್ಕಾ," ಎಂದುಬಿಟ್ಟಿದ್ದಳು. ರೇವವ್ವ ನಗಲಿಲ್ಲ.

ನಿನ್ನೆ ಆಟ ಮುಗಿಸಿ ಹೋಗಿ ಹತ್ತು ನಿಮಿಷವಾಗಿರಲಿಲ್ಲ. ಗೋಡೆಯಾಚೆ ಶಂಕ್ರಪ್ಪ ರೊಟ್ಟಿ ತಡವಾಯಿತೆಂದು ಬೈದ. ಒಂದು ಪೆಟ್ಟು ಬಿತ್ತು. ಆಮೇಲೆ ರೇವವ್ವನ ದನಿ, ತಣ್ಣಗೆ:

"ಈಗ ನನ್ನ ಪಾಳಿ. ಕೈ ಹಿಂದ ಕಟ್ಕೋರಿ."

ಚಟಾರನೆ ಇನ್ನೊಂದು. ನಸೀಮಾಬಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಅವಳಿಗೆ ಖುಷಿಯಾಗಿತ್ತು, ದೇವರಾಣೆಗೂ ಖುಷಿಯಾಗಿತ್ತು. ಅಷ್ಟರಲ್ಲಿ ಗೋಡೆ ನಡುಗಿತು. ಗೋಡೆಗೂಡಿನಲ್ಲಿದ್ದ ತಾಟು ಕೆಳಗೆ ಬಿತ್ತು. ತಲೆಯನ್ನೇ ಹಿಡಿದು ಗೋಡೆಗೆ ಬಡಿಯುವ ಸದ್ದು ಅದು. ಎರಡು, ಮೂರು, ನಾಲ್ಕು. ಪಾಳಿಯ ಮಾತೇ ಇಲ್ಲ. ಆರನೆಯ ಪೆಟ್ಟಿಗೆ ನಿಂತಿತು.

ಪಾಪದವಳು, ಆಟದ ನೇಮವನ್ನು ಗಂಡನೂ ನಡೆಸುತ್ತಾನೆಂದು ನಂಬಿದ್ದಳು.

*

ಅಮೃತಾ ಬಂದು ತಾಯಿಯ ಮೊಣಕಾಲಿಗೆ ಹಣೆ ಚಚ್ಚಿಕೊಂಡು ಅತ್ತಳು. "ಸಾಕ್ರಿ, ಹೊತ್ತಾತು, ಎತ್ರಿ," ಎಂದು ಕಾಶಿನಾಥ ಅವಸರಿಸಿದ. ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ರೇವವ್ವನನ್ನು ಕೂರಿಸಿ ನಾಲ್ವರು ಹೆಗಲು ಕೊಟ್ಟರು. ತಾಳ ಬಡಿದು ಭಜನೆಯವರು ದನಿ ಎತ್ತಿದರು.

ನಸೀಮಾಬಿ ಓಣಿಯ ನಡುವೆ ಹೋಗಿ ಅಡ್ಡ ನಿಂತಳು.

"ಇಳಸ್ರಿ. ಬಚ್ಚಲದಾಗ ಬಿದ್ದಿಲ್ಲ ರೇವಕ್ಕ. ಗೋಡಿಗೆ ಬಡದ ಕೊಂದಾನ. ಆರ ಸಲ. ನಾ ಕೇಳೀನಿ."

"ಏಯ್!" ಶಂಕ್ರಪ್ಪ ನುಗ್ಗಿ ಬಂದು ಅವಳ ಕಪಾಳಕ್ಕೆ ಬಿಟ್ಟ. ಅವಳು ಮುಗ್ಗರಿಸಿ ಮೊಣಕಾಲೂರಿದಳು. ಹೊಟ್ಟೆಗೆ ಒದ್ದ. ಇನ್ನೊಂದು ಬೀಸುವ ಭರಕ್ಕೆ ಅವನ ಟಾವೆಲ್ ಬಿಚ್ಚಿ ಕೊರಳಿಗೆ ಜಾರಿತು.

ಬಾತುಹೋದ ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ತಾಳ ನಿಂತಿತು.

ಅಮೃತಾ ಅಪ್ಪನ ಮುಖ ನೋಡಿದಳು. "ಚಾಚಿ, ಅವ್ವ ಹೊಡದ್ಲೇನ?"

"ಹೊಡದ್ಲವ್ವಾ. ಅಗದಿ ಜೋರ್ ಹೊಡದ್ಲು." ನಸೀಮಾಬಿ ಬಾಯಿಯ ನೆತ್ತರು ಒರೆಸಿಕೊಂಡಳು. "ಆ ಆಟ ತೋರಿಸಿದಾಕಿ ನಾನ. ಪಾಳಿ ತಗೋ ಅಂದಾಕಿನೂ ನಾನ. ಪೊಲೀಸರಿಗೆ ನನ್ನ ಹೆಸರೂ ಹೇಳು."

"ಮನಿ ಮರ್ಯಾದಿ, ಅಮೃತಾ," ಎಂದು ಕಾಶಿನಾಥ ಅವಳ ಮೊಬೈಲಿಗೆ ಕೈ ಚಾಚಿದ. "ಹೆಣ ಕೊಯ್ಸತಿಯೇನ?"

"ಮುಟ್ಟು ಕಾಕಾ, ಕೈ ಕಡದ ಬಿಡ್ತೀನಿ." ಅವಳು ಪೊಲೀಸರಿಗೆ ಫೋನು ಹಚ್ಚಿದಳು.

ಪೊಲೀಸರೆಂಬ ಮಾತು ಕಿವಿಗೆ ಬಿದ್ದದ್ದೇ ನಾಲ್ವರೂ ವಿಮಾನವನ್ನು ಓಣಿಯ ನಡುವೆಯೇ ಇಳಿಸಿದರು. ಭಜನೆಯವರು ತಾಳವನ್ನು ಚೀಲಕ್ಕೆ ಹಾಕಿಕೊಂಡರು. ಒಬ್ಬನಿಗೆ ಹಾಲು ಕರೆಯುವುದು ನೆನಪಾಯಿತು, ಇನ್ನೊಬ್ಬನಿಗೆ ಪಂಪು. ಶಂಕ್ರಪ್ಪ ಮನೆಯ ಕಟ್ಟೆಯ ಮೇಲೆ ಕುಸಿದ. ಅವನ ಬಾಜು ಯಾರೂ ಕೂರಲಿಲ್ಲ. ನೋಡುನೋಡುತ್ತ ಓಣಿ ಖಾಲಿಯಾಯಿತು.

ಎತ್ತಿಳಿಸಿದ ಭರಕ್ಕೆ ಕಟ್ಟು ಸಡಿಲಾಗಿ ರೇವವ್ವ ಮುಂದಕ್ಕೆ ವಾಲುತ್ತಿದ್ದಳು. ಒಂದು ಭುಜವನ್ನು ಅಮೃತಾ ಹಿಡಿದಳು. ಇನ್ನೊಂದನ್ನು ಹಿಡಿಯಲು ಯಾರೂ ಇರಲಿಲ್ಲ. ನಸೀಮಾಬಿ ಹೊಟ್ಟೆ ಹಿಡಿದುಕೊಂಡೇ ಎದ್ದು ಬಂದು ತನ್ನ ಹೆಗಲು ಕೊಟ್ಟು ನಿಂತಳು. ಕಲಘಟಗಿಯಿಂದ ಜೀಪು ಬರುವ ತನಕ ಇಬ್ಬರೂ ಆ ಉರಿಬಿಸಿಲಲ್ಲಿ ಅವಳನ್ನು ನೆಟ್ಟಗೆ ಕೂರಿಸಿ ಹಿಡಿದುಕೊಂಡು, ಸೆರಗಿನಿಂದ ನೊಣ ಓಡಿಸುತ್ತಿದ್ದರು.