ಎರಡನೇ ಜಾಲರಿ

ಎಣ್ಣೆ ಬುಡ್ಡಿ, ಅದರ ಮೇಲೆ ಗಾಜು, ಗಾಜಿನ ಮೇಲೆ ಒಳಜಾಲರಿ, ಅದರ ಮೇಲೆ ಹೊರಜಾಲರಿ, ಕೊನೆಗೆ ಉಕ್ಕಿನ ಮುಸುಕು. ಗಣಿಯ ದೀಪದ ಕೋಣೆಯಲ್ಲಿ ಐದನೇ ದೀಪಕ್ಕೆ ಬೀಗ ಹಾಕಿ ಅವಳು ಆರನೆಯದನ್ನು ಎಳೆದುಕೊಂಡಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತುಟಿ ಬೇರೆಯೇ ಪಾಠ ಒಪ್ಪಿಸುತ್ತಿತ್ತು. ಮೀಥೇನ್ ಗಾಳಿಗಿಂತ ಹಗುರ. ಸುರಂಗದ ಸೂರಿಗೆ ಹೋಗಿ ಅಂಟಿಕೊಳ್ಳುತ್ತದೆ. ನೂರರಲ್ಲಿ ಐದು ಪಾಲಿಂದ ಹದಿನೈದು ಪಾಲಿನವರೆಗೆ ಬೆರೆತರೆ ಸಿಡಿಯುತ್ತದೆ.

"ದೀಪದಕ್ಕ, ಮಂತ್ರ ಆಮೇಲೆ ಹೇಳ್ಕೊ. ದೀಪ ಕೊಡು," ಅಂದ ಕಿಟಕಿಯಾಚೆ ನಿಂತಿದ್ದ ಮೇಸ್ತ್ರಿ. ಬೆಳಗಿನ ಪಾಳಿಯ ನಲವತ್ತು ಜನಕ್ಕಿಂತ ಮೊದಲು ಗಣಿಯೊಳಗೆ ನಡೆದು, ಅನಿಲ ಇದೆಯೋ ಇಲ್ಲವೋ ನೋಡುವವನು ಅವನೇ. ಅದನ್ನು ಅಳೆಯುವ ಯಂತ್ರ ಬಂದು ವರ್ಷಗಳಾಗಿದ್ದರೂ ಈ ಗಣಿಯಲ್ಲಿ ಜೊತೆಗೊಂದು ಎಣ್ಣೆ ದೀಪ ಹೋಗಲೇಬೇಕು. ಸೂರಿನ ಹತ್ತಿರ ಮೆಲ್ಲಗೆ ಎತ್ತಿ ಹಿಡಿದಾಗ ಜ್ವಾಲೆಯ ತಲೆಯ ಮೇಲೆ ನೀಲಿ ಟೊಪ್ಪಿ ಕಂಡರೆ ಅನಿಲ ಇದೆ ಎಂದರ್ಥ.

"ಆತುರ ಯಾಕೆ? ಕಲ್ಲಿದ್ದಲು ಎಲ್ಲಿಗೂ ಓಡಿಹೋಗಲ್ಲ," ಎಂದು ಅವಳು ಬೀಗ ಒತ್ತಿ ಕೊಟ್ಟಳು. ಅವನು ದೀಪ ತೂಗಾಡಿಸುತ್ತ ಹೊರಟ.

ಕಲ್ಲಿದ್ದಲಿನ ಮಾತು ಮಗಳದ್ದು. ಗಣಿ ಡಿಪ್ಲೊಮಾ ಎರಡನೇ ವರ್ಷ. ಸಂಜೆ ಅಮ್ಮ ನೋಟ್ಸ್ ಹಿಡಿದು ಪ್ರಶ್ನೆ ಕೇಳಬೇಕು, ಮಗಳು ಉತ್ತರ ಹೇಳಬೇಕು. ಅಡುಗೆಮನೆಯಿಂದ ಅಮ್ಮ ಬೇಗ ಬೇಗ ಎಂದು ಕೂಗಿದರೆ, "ಅಮ್ಮ, ಇದ್ದಲಾಗೋಕೆ ಆ ಮರಗಳು ಮೂವತ್ತು ಕೋಟಿ ವರ್ಷ ಕಾದಿವೆ, ನಿಂಗೆ ಕುಕ್ಕರಿನ ಮೂರು ಸೀಟಿ ಕಾಯೋಕಾಗಲ್ವಾ?" ಅನ್ನುತ್ತಿದ್ದಳು. ಹೀಗೆ ಕೇಳಿ ಕೇಳಿ ಒಂದೂವರೆ ವರ್ಷದಲ್ಲಿ ಪ್ರಶ್ನೆ ಕೇಳುವವಳಿಗೇ ಉತ್ತರವೆಲ್ಲ ಬಾಯಿಗೆ ಬಂದಿತ್ತು. ಬಿಸಿಲು, ಗಾಳಿ, ನೀರಿನಿಂದ ಆಗುವ ವಿದ್ಯುತ್ತಿನ ಪಾಠ ಬಂದಾಗ ಮಗಳು ಕಾಲು ಚಾಚಿ, "ಇನ್ನು ನಿನ್ನ ಗಣಿಗೆ ಜಾಸ್ತಿ ಆಯಸ್ಸಿಲ್ಲ ಬಿಡು," ಎಂದಿದ್ದಳು. "ಇರೋವರೆಗೂ ಒಳಗೆ ಹೋದವರು ಹೊರಗೆ ಬರಬೇಕಲ್ವಾ," ಎಂದು ಇವಳು ಪುಟ ತಿರುಗಿಸಿದ್ದಳು.

ಹೋದ ತಿಂಗಳು ಫಲಕದ ಮೇಲೆ ನೋಟಿಸ್ ಬಿತ್ತು. ಹತ್ತು ವರ್ಷ ಕೆಲಸ ಮಾಡಿದವರು, ಹೆಂಗಸರೂ ಸೇರಿ, ಅನಿಲ ಪರೀಕ್ಷಕರ ಪರೀಕ್ಷೆಗೆ ಕೂರಬಹುದು. ವಯಸ್ಸು ನಲವತ್ತೈದು ಮೀರಿರಬಾರದು. ಅವಳಿಗೆ ಈ ಆಷಾಢ ಕಳೆದರೆ ನಲವತ್ತೈದು ತುಂಬುತ್ತದೆ. ಮುಂದಿನ ಸಲ ಎಂಬುದಿಲ್ಲ. ಅರ್ಜಿ ತುಂಬಿ, ನಾಲ್ಕಾಗಿ ಮಡಚಿ, ಊಟದ ಚೀಲದಲ್ಲಿಟ್ಟುಕೊಂಡು ಎಂಟು ದಿನ. ಮ್ಯಾನೇಜರ ಸಹಿಯೊಂದು ಬಾಕಿ. ಕೊನೆಯ ದಿನ ನಾಳೆ. ಇವತ್ತು ಪಾಳಿಯವರು ಗಣಿಗೆ ಇಳಿದ ಮೇಲೆ ಹೋಗಿ ಕೇಳಿಬಿಡುವುದೆಂದು ಬೆಳಿಗ್ಗೆ ಜಡೆ ಹೆಣೆಯುವಾಗಲೇ ಗಟ್ಟಿ ಮಾಡಿಕೊಂಡಿದ್ದಳು.

ಪಾಳಿಯವರು ಗಣಿಗೆ ಇಳಿದರು. ಮೇಜಿನ ಬಟ್ಟೆ ಕೊಡವಲು ಎತ್ತಿದಾಗ ಅದರ ಮಡಿಕೆಯಿಂದ ಏನೋ ಉರುಳಿ ಟಿಣ್ಣೆಂದಿತು.

ಹೊರಜಾಲರಿ. ಹಿತ್ತಾಳೆ ಅಂಚಿನ ಮೇಲೆ ಆರು ಎಂಬ ಅಂಕಿ.

ಒಂದು ಕ್ಷಣ ಅವಳಿಗೆ ಅದು ಬೇರೆ ಯಾರದೋ ತಪ್ಪಿನಂತೆ ಕಂಡಿತು. ಆಮೇಲೆ ಬೀಗ ಒತ್ತಿ ಮೇಸ್ತ್ರಿಗೆ ಕೊಟ್ಟ ದೀಪ ನೆನಪಾಯಿತು. ಅನಿಲ ದೀಪದೊಳಗೆ ಹೊಕ್ಕು ಹೊತ್ತಿಕೊಂಡರೂ ಆ ಬೆಂಕಿ ಹೊರಗೆ ದಾಟದಂತೆ ತಡೆಯುವುದು ಜಾಲರಿ. ಗಾಳಿಯ ಸೆಳೆತ ಜೋರಿದ್ದಲ್ಲಿ ಒಂದು ಸಾಲುವುದಿಲ್ಲ, ಅದಕ್ಕೇ ಎರಡು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪದಂತೆ ಕಲಿಸುವ ಪಾಠವನ್ನೇ ಬಾಯಿಪಾಠ ಮಾಡುತ್ತ ಇವತ್ತು ತಪ್ಪಿದ್ದಳು.

ಪಕ್ಕದ ಕಿಟಕಿಯಲ್ಲಿ ಟೋಕನ್ ಕೊಡುವ ಹಿರಿಯಳು ಅವಳ ಮುಖ ನೋಡಿದಳು, ಕೈ ನೋಡಿದಳು. ಎದ್ದು ಬಂದು ದನಿ ತಗ್ಗಿಸಿದಳು.

"ಫೋನ್ ಮಾಡು. ಆರನೇ ದೀಪಕ್ಕೆ ಎಣ್ಣೆ ಕಮ್ಮಿ ಹಾಕಿದೀನಿ, ವಾಪಸ್ ತನ್ನಿ ಅನ್ನು. ಜಾಲರಿ ಹಾಕಿ ಕೊಟ್ಟುಬಿಡು. ಮುಗೀತು."

"ಎಣ್ಣೆ ಕಮ್ಮಿ ಅಂದ್ರೆ ಅವನು ಏನು ಮಾಡ್ತಾನೆ ಅಕ್ಕ?"

"ಏನು ಮಾಡ್ತಾನೆ, ಬರ್ತಾನೆ."

"ಇರೋ ಎಣ್ಣೆಯಲ್ಲೇ ಒಂದು ಸುತ್ತು ಮುಗಿಸಿ ಬರ್ತಾನೆ. ನೀನಾದ್ರೂ ಅಷ್ಟೇ ಮಾಡ್ತಿದ್ದೆ."

ಹಿರಿಯಳು ಇನ್ನೂ ಹತ್ತಿರಕ್ಕೆ ಬಂದಳು. ಆಮೇಲೆ ಮೆಲ್ಲಗೆ, "ನಿನ್ನ ಅರ್ಜಿ ನೋಡಿದೀನಿ ಕಣೇ, ಚೀಲದಲ್ಲಿ. ಇದು ರಿಜಿಸ್ಟರಿಗೆ ಬಿದ್ರೆ ಸಾಹೇಬರು ಅದಕ್ಕೆ ಸಹಿ ಹಾಕ್ತಾರಾ?" ಅಂದಳು.

ಅವಳು ಅಷ್ಟರಲ್ಲಿ ಫೋನು ಎತ್ತಿದ್ದಳು. ಕೆಳಗೆ ಗಣಿಯ ತಳದಲ್ಲಿ ಗಂಟೆ ಬಡಿಯಿತು. "ದೀಪದ ಕೋಣೆಯಿಂದ. ಆರನೇ ದೀಪದಲ್ಲಿ ಒಂದೇ ಜಾಲರಿ ಇದೆ. ತಪ್ಪು ನನ್ನದು. ಮೇಸ್ತ್ರಿ ಎಲ್ಲಿದ್ದಾನೋ ಅಲ್ಲೇ ದೀಪ ಆರಿಸಲಿ. ಓಡಿ ಹೇಳಿ. ಅವನು ತಿರುಗಿ ಬರೋವರೆಗೂ ಯಾರೂ ಮುಂದೆ ಹೋಗಬೇಡಿ."

ನಲವತ್ತು ಜನ ಕೆಳಗೆ ಸುಮ್ಮನೆ ಕೂತರು. ಅವಳು ಆ ಹೊತ್ತಿನಲ್ಲಿ ಇನ್ನೊಂದು ದೀಪ ಜೋಡಿಸಿದಳು, ಒಂದೊಂದು ಭಾಗವನ್ನೂ ಗಟ್ಟಿಯಾಗಿ ಹೆಸರಿಟ್ಟು ಕರೆಯುತ್ತ.

ಮುಕ್ಕಾಲು ಗಂಟೆಯ ಮೇಲೆ ಮೇಸ್ತ್ರಿ ಬಂದು ಆರಿದ ದೀಪವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಸೆಖೆ ಅಂತ ದೀಪಕ್ಕೆ ಒಂದೇ ಅಂಗಿ ತೊಡಿಸಿದ್ಯಾ ಅಕ್ಕ?" ಎಂದ. ನಗಲು ನೋಡಿದ, ಆಗಲಿಲ್ಲ. "ಮೂರನೇ ತಿರುವಿನಲ್ಲಿದ್ದೆ. ನೆನ್ನೆ ನೀಲಿ ಟೊಪ್ಪಿ ಕಂಡಿದ್ದು ಅದರ ಮುಂದಿನ ಜಾಗದಲ್ಲೇ."

ಮ್ಯಾನೇಜರೂ ಬಂದರು. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಅವರು ಜಾಲರಿಯನ್ನು ಬೆರಳಲ್ಲಿ ತಿರುಗಿಸುತ್ತ, "ಜೋಡಿಸೋವಾಗ ತಲೆ ಎಲ್ಲಿತ್ತು?" ಎಂದರು.

"ಮೀಥೇನ್ ಎಷ್ಟಿದ್ರೆ ಸಿಡಿಯುತ್ತೆ ಅನ್ನೋದರಲ್ಲಿತ್ತು ಸರ್."

"ಎಷ್ಟಿದ್ರೆ?"

"ನೂರಕ್ಕೆ ಐದರಿಂದ ಹದಿನೈದು."

ಟೋಕನಿನ ಹಿರಿಯಳು ಕೆಮ್ಮಿದಳು. ಮ್ಯಾನೇಜರು ಜಾಲರಿಯನ್ನು ಕಟ್ಟೆಯ ಮೇಲಿಟ್ಟರು. "ಉತ್ತರ ಸರಿ. ದೀಪ ತಪ್ಪು," ಎಂದು ಮೇಸ್ತ್ರಿಯ ಕಡೆ ತಿರುಗಿದರು. "ತಗೊಳ್ಳೋವಾಗ ಮುಸುಕಿನ ಕಿಂಡಿಯಿಂದ ಇಣುಕಿ ಎರಡಿದೆಯಾ ನೋಡಬೇಕಾದವನು ನೀನು. ನೋಡಿದ್ಯಾ?"

ಮೇಸ್ತ್ರಿ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲ ಸರ್. ದೀಪದಕ್ಕನ ಕೈಯಿಂದ ಬಂದಿದ್ದು ಅಂತ ನೋಡೋದು ಬಿಟ್ಟು ಎಷ್ಟೋ ವರ್ಷ ಆಯ್ತು."

ಬೈಗುಳಕ್ಕಿಂತ ಆ ಮಾತೇ ಅವಳಿಗೆ ಹೆಚ್ಚು ತಾಗಿತು. ಅಷ್ಟು ವರ್ಷ ಅವನು ಅವಳ ಕೈಯನ್ನು ನಂಬಿದ್ದ, ಅವಳೂ ತನ್ನ ಕೈಯನ್ನು ನಂಬಿದ್ದಳು. ದೀಪವನ್ನು ಮಾತ್ರ ಯಾರೂ ನೋಡಿರಲಿಲ್ಲ.

ರಿಜಿಸ್ಟರಿನಲ್ಲಿ ಅವಳೇ ಬರೆದಳು: ದೀಪ ಆರು, ಹೊರಜಾಲರಿ ಇಲ್ಲದೆ ಕೊಟ್ಟದ್ದು, ತಪ್ಪು ದೀಪದ ಕೋಣೆಯದು, ಹಿಂದೆ ಕರೆಸಿದ ಹೊತ್ತು ಇಷ್ಟು. ಅವಳ ಸಹಿಯ ಕೆಳಗೆ ಮೇಸ್ತ್ರಿ ತನ್ನದನ್ನೂ ಹಾಕಿದ, ಯಾರೂ ಹೇಳದೆ. ಚೀಲದೊಳಗಿನ ಅರ್ಜಿಯನ್ನು ಅವಳು ಹೊರಗೆ ತೆಗೆಯಲಿಲ್ಲ. ಹಿರಿಯಳು ಹೊರಡುವಾಗ ಭುಜ ತಟ್ಟಿ, "ಹೋಗಲಿ ಬಿಡು, ನಿನ್ನ ಮಗಳು ಆ ಪರೀಕ್ಷೆ ಬರೀತಾಳೆ," ಎಂದಳು. "ಹ್ಞೂಂ," ಎಂದಳು ಇವಳು.

ಮನೆಯಲ್ಲಿ ಮಗಳು ನೆಲದ ಮೇಲೆ ಬೋರಲು ಮಲಗಿ ಕಾಲಾಡಿಸುತ್ತಿದ್ದಳು. "ಏನಮ್ಮ, ಮುಖ ಇದ್ದಲಿನ ಹಾಗಾಗಿದೆ?"

"ಇದ್ದಲಿನ ಹತ್ತಿರಾನೇ ಅಲ್ವಾ ಕೆಲಸ."

ಕುಕ್ಕರ್ ಇಟ್ಟು, ಕೈ ಒರೆಸಿಕೊಂಡು, ಅವಳು ಚೀಲದಿಂದ ಅರ್ಜಿ ತೆಗೆದು ಮಡಿಕೆ ಬಿಡಿಸಿದಳು. ಎಂಟು ದಿನದ ಗೆರೆಗಳು ಹೋಗಲಿಲ್ಲ. ಕೊನೆಯಲ್ಲಿ ಒಂದು ಕಲಂ ಖಾಲಿ ಬಿಟ್ಟಿದ್ದಳು: ಕೆಲಸದಲ್ಲಿ ನಡೆದ ಲೋಪಗಳು ಇದ್ದರೆ. ನಿನ್ನೆಯವರೆಗೆ ಅಲ್ಲಿ ಬರೆಯಲು ಏನೂ ಇರಲಿಲ್ಲ. ಮಗಳ ಪೆನ್ನು ತೆಗೆದುಕೊಂಡು ಇವತ್ತಿನ ತಾರೀಖು, ದೀಪದ ಸಂಖ್ಯೆ, ರಿಜಿಸ್ಟರಿನ ಪುಟ ಬರೆದಳು. ನಾಳೆ ಪಾಳಿಯವರು ಗಣಿಗೆ ಇಳಿದ ಕೂಡಲೇ ರಿಜಿಸ್ಟರನ್ನು ಆ ಪುಟಕ್ಕೆ ತೆರೆದು, ಅದರ ಮೇಲೆ ಇದನ್ನಿಟ್ಟು, ಎರಡನ್ನೂ ಒಟ್ಟಿಗೇ ಮ್ಯಾನೇಜರ ಮೇಜಿನ ಮೇಲೆ ಇಡುವುದು. ಹಾಕಿದರೆ ಸಹಿ. ಹಾಕದಿದ್ದರೆ, ಹಾಕುವುದಿಲ್ಲವೆಂದು ಅವರೇ ಬಾಯಿಬಿಟ್ಟು ಹೇಳಲಿ.

ಕಾಗದವನ್ನು ಮಡಚದೆ ತಟ್ಟೆಯೊಂದರ ಕೆಳಗೆ ನೇರವಾಗಿಟ್ಟಳು.

"ನೋಟ್ಸ್ ಕೊಡು," ಎಂದಳು. "ಸುರಂಗದ ಗಾಳಿ ಸಂಚಾರದ ಪಾಠ ತೆಗಿ."

"ನಾಳೆ ನಂಗೇನೂ ಪರೀಕ್ಷೆ ಇಲ್ಲಮ್ಮ."

"ಗೊತ್ತು. ಇವತ್ತು ನೀನು ಕೇಳು, ನಾನು ಹೇಳ್ತೀನಿ."